ನೆರಳಿನ ರೇಟು

ಮೂವತ್ತೊಂದು ವರ್ಷ ಸಿಂದಗಿ ರೂಟಿನಾಗ
ಟಿಕೆಟ್ಟಿನ ಹಿಂದ ಚಿಲ್ಲರೆ ಬಾಕಿ ಬರದ ಕೈ
ನಮ್ಮ ಮನಿಯವರದು.
ರಿಟೈರಾದ ಮ್ಯಾಲೂ ಆ ಕೈಗೆ
ಯಾರದರೆ ಒಂದು ಬಾಕಿ ಬೇಕು.
ಹಂಗಾಗಿ ಸೂರ್ಯನ್ನ ಹಿಡದ್ರು.

ಜೋರಾಪುರ ಪೇಟೆಯ ಈ ಮಾಳಿಗಿ ಮ್ಯಾಲ
ನಾ ಶಾವಿಗಿ ಒಣಸ್ತಿದ್ದೆ, ಕುರಡಿಗಿ ಒಣಸ್ತಿದ್ದೆ.
ಬಿಸಲು ಅಂದ್ರ ನಮ್ಮ ಕಡೆ
ಬೈಸಿಕೊಳ್ಳಾಕ ಹುಟ್ಟಿದ್ದು;
ಅದಕ್ಕೊಂದು ರೇಟು ಐತಿ ಅಂತ
ವಿಜಾಪುರದಾಗ ಯಾರಿಗೆ ಗೊತ್ತಿತ್ತು?
ಈಗ ಎಂಟು ನೀಲಿ ಹಲಗಿ
ದಕ್ಷಿಣಕ್ಕ ಮಾರಿ ಮಾಡಿ ಕುಂತಾವು,
ಮಾಸ್ತರು ಇನ್ನೂ ಬಂದಿಲ್ಲದ ಸಾಲಿ ಹುಡುಗರಂಗ.
ನನ್ನ ಪಾಲಿಗೆ ಉಳದದ್ದು
ಮೆಟ್ಟಲದ ತಲಿ ಮ್ಯಾಲಿನ ಒಂದು ಚಾಪಿ ಜಾಗ.

ಲೆಕ್ಕ ಸರಳ, ಅಂತಾರ.
ಸಬ್ಸಿಡಿ ಕಳದು ಒಂದು ಲಕ್ಷ ಹನ್ನೆರಡು ಸಾವಿರ.
(ಅದರಾಗ ನನ್ನ ಎರಡು ಪಾಟಲಿ ಅದಾವು,
ಅದನ್ನ ಬರದಿಲ್ಲ.)
ಕೂಲರು, ಫ್ರಿಜ್ಜು, ಬೋರಿನ ಮೋಟರು ಸೇರಿ
ಹದಿನೆಂಟುನೂರು ಬರತಿದ್ದ ಬಿಲ್ಲು
ಈಗ ನೂರಾ ಐವತ್ತರ ಆಜುಬಾಜು.
ಆರು ವರ್ಷಕ್ಕ ಗಂಟು ವಾಪಸ್.
ಆಮ್ಯಾಲ ಬಿಸಲೆಲ್ಲ ಪುಕ್ಕಟ.
ಆಮ್ಯಾಲ ಅಂದ್ರ ನಿಮಗೆಷ್ಟು ವಯಸ್ಸು ರೀ,
ಅಂತ ನಾ ಕೇಳಲಿಲ್ಲ.

ಎದುರು ಮನಿ ಯಮನಪ್ಪ ಕೇಳಿದ, ಹಲ್ಲುಜ್ಜಿಕೊಂತ:
"ನಾವು ಇನ್ನೂರರ ಒಳಗಿನವ್ರು,
ಬಿಲ್ಲೇ ಬರೂದಿಲ್ಲ. ಬಿಸಲು ಯಾಕ ಕೊಳ್ಳೂಣು?"
ಇವರ ಪೆನ್ನು ಅಲ್ಲೇ ನಿಂತು
ಸ್ವಲ್ಪ ಹೊತ್ತು ಒಣಗಿತು.

ಧೂಳಿನ ಲೆಕ್ಕ ಬ್ಯಾರೆ.
ವಾರಕ್ಕೊಮ್ಮೆ ಹಲಗಿ ತೊಳೀಬೇಕು,
ನಳ ಬರೂದು ಎಂಟು ದಿನಕ್ಕೊಮ್ಮೆ,
ಬೋರಿನ ನೀರು ಹಾಕಿದ್ರ ಬಿಳೇ ಕಲಿ ಕುಂದರತೈತಿ.
ನಾಕು ಕೊಡ ನಾ ಮ್ಯಾಲ ಹೊತ್ತದ್ದು
ಯಾವ ಸಾಲಿನಾಗ ಬರೀತೀರಿ?

ಇನ್ನ ನೆರಳು.
ಮೂರು ಹೊಡದ ಮ್ಯಾಲ ಬಾಜೂ ಮನಿ ಬೇವು
ಮೆಲ್ಲಕ ಗ್ವಾಡಿ ಹತ್ತಿ ಬಂದು
ಮೂರು ಹಲಗಿ ಮ್ಯಾಲ ಅಡ್ಡಾಗತೈತಿ.
ಮೊಬೈಲಿನಾಗಿನ ಗೆರಿ ಜಾರತೈತಿ, ಇವರ ಮಾರಿನೂ.
"ತಿಂಗಳಿಗೆ ಮೂವತ್ತೆಂಟು ಯೂನಿಟ್.
ಇನ್ನೂರಾ ಇಪ್ಪತ್ತು ರೂಪಾಯಿ. ಬರೇ ನೆರಳಿಗೆ!"

ಕೇಳಾಕ ಹೋದ್ವಿ.
ಖೈರುನ್ನಿಸಾ ಅದೇ ಬೇವಿನ ಬುಡಕ
ಕೌದಿಗೆ ದಾರ ಹಾಕ್ತಿದ್ದಳು, ತಲಿ ಎತ್ತಲಿಲ್ಲ.
"ಎರಡು ಟೊಂಗಿ ಅಲ್ಲೇನ್ರೀ, ಕಡೀರಿ.
ಬೇವು ಮತ್ತ ಚಿಗೀತದ.
ನೀವು ಲೆಕ್ಕದ ಮಂದಿ, ಒಂದು ಹೇಳ್ರಿ:
ನಿಮ್ಮ ಪಡುವಣ ಗ್ವಾಡಿ ಈ ನೆರಳಾಗೇ ಐತಿ.
ಗ್ವಾಡಿಗೆ ಬಿಸಲು ಬಿದ್ದ ದಿನ
ರಾತ್ರಿ ಕೂಲರು ಎಷ್ಟಕ್ಕ ಬಂದ್ ಮಾಡ್ತೀರಿ?"

ಮನಿಯವರು ಬೆರಳು ಮಡಚಿದ್ರು, ಬಿಚ್ಚಿದ್ರು.
ನೂರರ ನೋಟು ಕೊಟ್ಟ ಪ್ಯಾಸೆಂಜರ್ ಮುಂದ
ಚೀಲ ತಡಕೋ ಕಂಡಕ್ಟರಂಗ
ಸ್ವಲ್ಪ ಹೊತ್ತು ನಿಂತು
"ನೋಡಿ ಹೇಳ್ತೀನಿ" ಅಂದ್ರು.
ಇನ್ನೂ ಹೇಳಿಲ್ಲ.

ಏಪ್ರಿಲ್. ಮಧ್ಯಾಹ್ನ ಒಂದು ಗಂಟೆ.
ಮೂಲಿ ಕಂಬದಾಗ ಏನೋ ಸಿಡೀತು, ಕರೆಂಟು ಹೋತು.
ಇವರು ನಕ್ಕೊಂತ ಫ್ಯಾನಿನ ಬಟನ್ ಒತ್ತಿದ್ರು.
ಮತ್ತೊಮ್ಮೆ ಒತ್ತಿದ್ರು.
ಮಾಳಿಗಿ ತುಂಬ ಬಿಸಲು, ಮೊಬೈಲಿನಾಗ ಸೊನ್ನಿ.
ಹಲಗಿ ಹಾಕಿದ ಹುಡುಗ ಫೋನಿನಾಗ ಅಂದ:
"ಬ್ಯಾಟರಿ ಬ್ಯಾಡ ಅಂದಿದ್ರಲ್ಲ ಕಾಕಾ.
ಲೈನ್ ಹೋದ್ರ ನಿಮ್ಮದೂ ನಿಂದರತೈತಿ.
ನಿಮ್ಮ ಕರೆಂಟು ಆ ಕಂಬಕ್ಕ ಹೋದ್ರ
ಮ್ಯಾಲಿದ್ದಾಂವ ಏನಾಗಬೇಕು?"

ಕಿಡಕ್ಯಾಗಿಂದ ನೋಡಿದ್ವಿ.
ಮ್ಯಾಲ ಒಬ್ಬಾಂವ ಇದ್ದ,
ಸೊಂಟಕ್ಕ ಹಗ್ಗ, ಬೆನ್ನಿನ ಮ್ಯಾಲ
ನಮ್ಮ ಎಂಟು ಹಲಗಿಗೆ ಬಿದ್ದ ಅದೇ ಬಿಸಲು.

ಖುರ್ಚಿ ಎತ್ತಿಕೊಂಡು ಬೇವಿನ ಬುಡಕ ಹೋದ್ವಿ.
ಖೈರುನ್ನಿಸಾ ಕೌದಿಯ ಒಂದು ಮೂಲಿ ಮಡಚಿ
ಜಾಗ ಮಾಡಿದಳು.
"ಎಷ್ಟು ಯೂನಿಟ್ ಹೋದುವು ರೀ?" ಅಂದೆ.
"ಸುಮ್ನ ಕುಂದ್ರ" ಅಂದ್ರು,
ನೆರಳು ಸರದಂಗ
ತಮ್ಮ ಖುರ್ಚಿ ಸರಸಿಕೊಂತ.