ಅಳತೆ ಪುಸ್ತಕ

ಚೌಕಿಪೇಟೆಯ ಈ ಆರಡಿ ಅಗಲದ ಅಂಗಡಿಯಲ್ಲಿ
ನಲವತ್ತು ವರ್ಷದಿಂದ ಬರೆದಿಟ್ಟಿದ್ದೇನೆ:
ಎದೆ, ಸೊಂಟ, ಭುಜ, ತೋಳು, ಕತ್ತು.
ದಲ್ಲಾಳಿ ರುದ್ರಮುನಿಯವರ ಹೊಟ್ಟೆ ಮಾತ್ರ
ಯುಗಾದಿಗೊಮ್ಮೆ ಒಂದಿಂಚು ಮುಂದೆ ಹೋಗುತ್ತದೆ,
ಉಳಿದವರೆಲ್ಲ ಹೆಚ್ಚೂಕಮ್ಮಿ ಇದ್ದಲ್ಲೇ.
ಓಬಳೇಶನೊಬ್ಬನಿಗೆ ಹನ್ನೊಂದು ಪುಟ.

ಹಗಲು ಮಂಡಕ್ಕಿ ಭಟ್ಟಿಯಲ್ಲಿ ಕಾದ ಮರಳು ಕೆದಕುತ್ತಾನೆ,
ರೆಪ್ಪೆಯ ಮೇಲೂ ಹೊಟ್ಟಿನ ಬೂದಿ.
ರಾತ್ರಿ ನಾಟಕ.
ಮೊದಲ ಸಲ ಬಂದವನು ರಾಜನ ಅಂಗಿ ಬೇಕೆಂದ.
ಟೇಪು ಸುತ್ತಿದೆ: ಎದೆ ನಲವತ್ತು.
ಎರಡು ತಿಂಗಳಿಗೆ ಸೂಲಗಿತ್ತಿಯ ಕುಪ್ಪಸ.
ಅದೇ ಟೇಪು, ಅದೇ ಎದೆ, ಮೂವತ್ತಾರೂವರೆ!
"ಜ್ವರ ಗಿರ ಬಂದಿತ್ತೇನೋ?"
"ಇಲ್ಲ ಕಾಕಾ, ಆಕಿ ಉಸುರು ಬಿಗಿಹಿಡಿದೇ ಬದುಕಿದಾಕಿ,
ಮಂದಿ ಮನಿ ಕೂಸು ಅಳೋತನಕ."

ಫೌಜುದಾರನ ಬೆನ್ನು ಗೋಡೆಗೆ ಮೊಳೆ ಹೊಡೆದಂತಿತ್ತು.
ಜೀತದ ಮುದುಕನಿಗೆ ತೋಳು ಒಂದೂವರೆ ಇಂಚು ಉದ್ದ:
ಭುಜ ಇಳಿದರೆ ಕೈ ಮೊಣಕಾಲಿನ ಕಡೆ ಜಾರುತ್ತದೆ,
ಅದನ್ನು ನನಗೆ ಕಲಿಸಿದವನು ಅವನೇ.
ಪೋಲಿ ಭಾವಮೈದುನನ ಅಳತೆ ತೆಗೆಯಲು ಆಗಲೇ ಇಲ್ಲ,
ಒಂದು ಕಡೆ ನಿಂತರೆ ತಾನೇ?
ಅಂದಾಜಿನ ಮೇಲೆ ಹೊಲಿದೆ. ಕಂಕುಳಲ್ಲಿ ಹರಿದುಕೊಂಡು ಬಂದು
"ಹರೀಬೇಕಿತ್ತು, ಚೊಲೋ ಆತು" ಅಂದ.

ಪುಸ್ತಕ ತಿರುವಿದವರು ಕೇಳುತ್ತಾರೆ,
ಯಾರದಪ್ಪಾ ಇದು, ಇಷ್ಟು ದೊಡ್ಡ ಮನೆತನ?

ಕಾರ್ತಿಕದಲ್ಲಿ ಬಂದ. ಸಾದಾ ಬಿಳಿ ಬಟ್ಟೆ, ಎರಡೂಕಾಲು ಮೀಟರ್.
"ಯಾವ ಪಾತ್ರ?"
"ನನಗೇ ಕಾಕಾ."
ಕನ್ನಡಿ ಮುಂದೆ ನಿಲ್ಲಿಸಿ ಬರೆದುಕೊಂಡೆ:
ಎಡಭುಜ ಬಲಕ್ಕಿಂತ ಕಾಲಿಂಚು ತಗ್ಗು. ಕತ್ತು ಮುಂದಕ್ಕೆ.
ಬಡಪಾಯಿ, ಭಟ್ಟಿ ಮೈ ತಿಂದಿದೆ ಎಂದುಕೊಂಡು
ಕೊರತೆ ಕಾಣದಂತೆ ಭುಜದೊಳಗೊಂದು ಪಟ್ಟಿ ಕೊಟ್ಟೆ.
ರಾತ್ರಿ ಬಾಗಿಲು ಎಳೆದು, ಕಾಜಾ ಬಿಗಿಯಿದೆಯೇ ನೋಡಲೆಂದು
(ಇದು ಯಾವ ಗಿರಾಕಿಗೂ ಗೊತ್ತಿಲ್ಲದ ಚಟ)
ಮೈಗೆ ಹಾಕಿಕೊಂಡೆ.
ಕೂತುಬಿಟ್ಟಿತು,
ನನ್ನ ಅಂಗಿಗಳು ಯಾವತ್ತೂ ಕೂರದ ಹಾಗೆ.

ಹೈಸ್ಕೂಲ್ ಮೈದಾನದ ತಗಡಿನ ಥಿಯೇಟರು, ಮೂರನೇ ಅಂಕ.
ಕಥೆಗೆ ಬೇಡವಾದ ಒಬ್ಬ ದರ್ಜಿ, ಎರಡೇ ನಿಮಿಷ.
ದಾರ ನೆಕ್ಕಿದ, ಒಂದು ಕಣ್ಣು ಮುಚ್ಚಿ ಸೂಜಿಗೆ ಪೋಣಿಸಿದ,
ಗುಂಡುಸೂಜಿ ಕಚ್ಚಿದ ಬಾಯಲ್ಲೇ ದರ ಹೇಳಿದ.
ಪಕ್ಕದಲ್ಲಿದ್ದ ಗುಂಡಿ ಮಾರುವ ಫಕ್ರುಸಾಬ್ ತೊಡೆ ತಟ್ಟಿ ನಕ್ಕ,
ನನ್ನ ಕಡೆ ತಿರುಗಿ ಇನ್ನೊಮ್ಮೆ ನಕ್ಕ.
ನಾನೂ ನಕ್ಕೆ.
ಆಮೇಲೆ ಅವನು ಬಟ್ಟೆ ಹಾಸಿ, ಬಳಪದ ಗೆರೆ ಎಳೆದು,
ಕತ್ತರಿಯ ಬಾಯಿ ತೆರೆದು
ನಿಂತ.
ಒಂದು ಉಸಿರು, ಅಷ್ಟೇ.
ಯಾರೂ ನಗಲಿಲ್ಲ, ಯಾರಿಗೂ ಕಂಡಿರಲಾರದು.
ಮದುವೆಯ ರೇಷ್ಮೆ ಇರಲಿ, ಚಡ್ಡಿಯ ಖಾಕಿ ಇರಲಿ,
ಮೊದಲ ಕಚ್ಚಿಗೆ ಮುನ್ನ ನನಗೆ ಭಯ, ನಲವತ್ತು ವರ್ಷದಿಂದ.
ತೀರಿಹೋದ ಹೆಂಡತಿಗೆ ಹೇಳಿರಲಿಲ್ಲ.
ನನಗೂ ಹೇಳಿಕೊಂಡಿರಲಿಲ್ಲ.

ಮರುದಿನ ಬಂದ. ರೆಪ್ಪೆಯ ಮೇಲೆ ಬೂದಿ,
ಕೈಯಲ್ಲೊಂದು ಪೊಟ್ಟಣ ಬಿಸಿ ಮಂಡಕ್ಕಿ.
"ಹೊಲಿಗೆ ಎಷ್ಟಾತು ಕಾಕಾ?"
ಪುಸ್ತಕ ತೆಗೆದೆ. ಹನ್ನೆರಡನೇ ಪುಟದಲ್ಲಿ
ಹೆಸರಿನ ಜಾಗ ಖಾಲಿ ಬಿಟ್ಟಿದ್ದೆ, ಖಾಲಿಯೇ ಇತ್ತು.
ಬಟ್ಟೆ ಅವನದು, ಅಳತೆ ನನ್ನದು,
ಹಾಗಾದರೆ ಯಾರು ಯಾರಿಗೆ ಬಾಕಿ? ಲೆಕ್ಕ ಹತ್ತಲಿಲ್ಲ.
ಅವನು ಸ್ಟೂಲಿನ ಮೇಲೆ ಕೂತು ಮಂಡಕ್ಕಿ ಮುಕ್ಕುತ್ತಿದ್ದ.
ಮೇಜಿನ ಮೇಲೆ ಕಾನ್ವೆಂಟ್ ಮಕ್ಕಳ ನೀಲಿ ಬಟ್ಟೆ ಹಾಸಿತ್ತು,
ಗೆರೆ ಎಳೆದಾಗಿತ್ತು.
ಕತ್ತರಿ ಕೈಗೆತ್ತಿಕೊಂಡೆ.
"ಆ ಕಡೆ ನೋಡೋ ಸ್ವಲ್ಪ," ಅಂದೆ.