ತೂಕದ ಚೀಟಿ

ಗುಳೆಹುಳ ಇಳಿಯಾಕತ್ತಾವಂತ ದೋಣಿಮಲೆ ಕಡೆಯಿಂದ
ಫೋನು ಬಂದಾಗ ಸಂಜೆ ಆರೂವರೆ.
ಹುಸೇನಬೀ ಕುದಿಯುವ ಚಹಾದ ಸಮೇತ
ಒಲೆಗೆ ನೀರು ಸುರಿದಳು.
ಸಂಡೂರಿನ ದಾರಿಯುದ್ದಕ್ಕೂ ಅದಿರಿನ ಲಾರಿಗಳು
ಬಾನೆಟ್ಟಿಗೆ ಒದ್ದೆ ಗೋಣಿ ಹೊದ್ದು ನಿಂತವು,
ಜ್ವರ ಬಂದ ಎಮ್ಮೆಗಳ ಹಾಗೆ.

ಎಲೆ ಬೇಡ ಅವಕ್ಕೆ, ಕಾಳು ಬೇಡ.
ಬೆಚ್ಚಗಿರುವುದು ಬೇಕು.
ಯಾವ ಊರಿನವು ಅಂತ ಕೇಳಿದ್ದೆ ಒಮ್ಮೆ.
‘ಊರಿದ್ದವರು ಗುಳೆ ಹೋಗ್ತಾರ, ಇವಕ್ಕ ಗುಳೇನ ಊರು’
ಅಂದಿದ್ದ ಡ್ರೈವರ್ ಓಬಳೇಶ.

ಹನ್ನೊಂದಕ್ಕೆ ಬಂದವು. ಹಾರಿ ಅಲ್ಲ, ನಡೆದು.
ಬಟ್ಟೆಯಿಲ್ಲದೆ ಕತ್ತರಿ ಆಡಿಸಿದ ಸದ್ದು.
ಹೆಬ್ಬೆರಳುದ್ದ, ಬೆನ್ನಿಗೆ ಮಡಿಸಿಟ್ಟ ರೆಕ್ಕೆ,
ನಡುವೆ ಮರಿಗಳು, ಸುತ್ತ ಮುದಿಯವು,
ಮುಂದೆ ಕಣ್ಣಿಲ್ಲದ ಒಂದು ಸಾಲು
ಮೀಸೆಯಿಂದ ನೆಲದ ಕಾವು ಓದುತ್ತ.
ದಿನವಿಡೀ ಬಿಸಿಲು ಕುಡಿದ ಕಬ್ಬಿಣ, ನನ್ನ ವೇಬ್ರಿಜ್ಜು.
ಅಲ್ಲೇ ಬಿಡಾರ ಹೂಡಿದವು.

ಕ್ಯಾಬಿನ್ನಿನೊಳಗೆ ಒದ್ದೆ ಕಂಬಳಿಯಲ್ಲಿ ನಾನು.
ಎದುರಿಗೆ ಕೆಂಪು ಅಂಕಿ ಏರತೊಡಗಿತು.
ಮುನ್ನೂರು. ಎರಡು ಸಾವಿರದ ನೂರು.
ಎಂಟು ಸಾವಿರದ ನಾನೂರ ಅರವತ್ತಕ್ಕೆ ನಿಂತಿತು.
ಇಪ್ಪತ್ತು ವರ್ಷ ಮಣ್ಣು ತೂಗಿದವ;
ಅಷ್ಟು ಜೀವ ಒಂದೇ ಸಲ ತೂಗಿರಲಿಲ್ಲ.

ಟೈರಿನ ಹಿಂದೆ ಹಾಲ್ಯಾ ಮಲಗಿದ್ದ.
ಬಿಳಿ ನಾಯಿ ಅಂತ ಇಟ್ಟ ಹೆಸರು,
ಧೂಳು ಮೆತ್ತಿ ಬಿಳುಪು ಅವನಿಗೇ ಮರೆತಿತ್ತು.
ನಾನು ಕರೆಯಲಿಲ್ಲ. ಬಾಯಿ ತೆರೆದರೆ ಬಿಸಿ ಉಸಿರು.
ಅವನು ಎದ್ದ, ಮೈಮುರಿದ, ಬಾಲ ಆಡಿಸುತ್ತ
ಕಾಟಾದ ಮೇಲೆ ಹತ್ತಿದ.
ಬಂದವರನ್ನು ಮೂಸುವುದು ಅವನ ಡ್ಯೂಟಿ.

ಎಂಟು ಸಾವಿರದ ನಾನೂರ ಎಂಬತ್ತು.

ಬೊಗಳಿದ್ದು ಒಂದೇ ಸಲ, ಅದೂ ಅರ್ಧ.
ಅಂಕಿ ಕದಲಲಿಲ್ಲ.
ಯಾರಿಗೆ ಹೇಳಿದರೂ ಇದು ತಿಳಿಯುವುದಿಲ್ಲ,
ರಾತ್ರಿಯಿಡೀ ಅಂಕಿ ಎಂಬತ್ತರಲ್ಲೇ ಇತ್ತು.
ಹೊರಗಿದ್ದವ ಒಳಗಾದ;
ಯಂತ್ರಕ್ಕೆ ಎರಡೂ ಒಂದೇ.

ನಸುಕಿಗೆ ಕಬ್ಬಿಣ ತಣ್ಣಗಾಯಿತು.
ಈ ಸಲ ರೆಕ್ಕೆ ಬಿಚ್ಚಿ ಎದ್ದವು, ಕೂಡ್ಲಿಗಿಯ ದಿಕ್ಕಿಗೆ.
ಸೊನ್ನೆ.
ಕಾಟಾದ ಮೇಲೆ ಒಂದು ಕೊರಳಪಟ್ಟಿ,
ಹುಸೇನಬೀ ಪೋಣಿಸಿದ್ದ ಗೆಜ್ಜೆ ಅದರಲ್ಲಿ ಇನ್ನೂ ಇತ್ತು.
ಹತ್ತು ಕೇಜಿಗಿಂತ ಕಮ್ಮಿಯದ್ದು
ಇದಕ್ಕೆ ಕಾಣಿಸುವುದಿಲ್ಲ.

ಕೈ ರೂಢಿಯ ಮೇಲೆ ಗುಂಡಿ ಒತ್ತಿತು.
ಗಾಡಿ ನಂಬರು ಇಲ್ಲ. ಮಾಲು ಇಲ್ಲ.
ನಿವ್ವಳ: ಇಪ್ಪತ್ತು.
ಚೀಟಿ ಹೊರಬಂತು, ಬೆಚ್ಚಗೆ.
ಗಾಬರಿಯಾಗಿ
ಕಂಬಳಿಯೊಳಗೆ ಮುಚ್ಚಿಟ್ಟುಕೊಂಡೆ.