ಏಳು ದಿನದೊಳಗೆ

ನೋಟಿಸು ಬರೆಯುವವರು ಬೇರೆ, ಸಹಿ ಹಾಕುವವರು ಬೇರೆ;
ನಾನು ಅಂಟಿಸುವವನು.
ಸೈಕಲ್ಲಿನ ಹ್ಯಾಂಡಲಿಗೆ ಮೈದಾ ಗಂಜಿಯ ಡಬ್ಬಿ,
ಕಂಕುಳಲ್ಲಿ ಪೆಡ್ನೇಕರ್ ಮೇಡಮ್ಮಿನ ಕಾಗದ.

ಕೋಡಿಬಾಗದಲ್ಲಿ, ಕಾಳಿ ಸಮುದ್ರ ಸೇರುವ ಕಡೆ ಮುಖಮಾಡಿ
ಆರನೇ ಮಹಡಿಗೆ ಏರುತ್ತಿತ್ತು ಕಟ್ಟಡ.
'ಸೀ ವ್ಯೂ' ಎಂಬ ಬೋರ್ಡು ಮೊದಲೇ ಬಂದಿತ್ತು,
ಬಾಲ್ಕನಿಗೆ ಕಟಕಟೆ ಇನ್ನೂ ಬಂದಿರಲಿಲ್ಲ.

ಗೇಟಿನ ಕಂಬಕ್ಕೆ ಗಂಜಿ ಬಳಿದೆ:
ಸಾರವೆಯ ಅಂಚಿಗೆ ತಡೆಕಂಬಿಯಿಲ್ಲ,
ಬಲೆಯಿಲ್ಲ, ಹೆಲ್ಮೆಟ್ಟಿಲ್ಲ,
ಏಳು ದಿನದೊಳಗೆ ಸರಿಪಡಿಸತಕ್ಕದ್ದು,
ತಪ್ಪಿದಲ್ಲಿ
ಎಂಬಲ್ಲಿ ಕಾಗದ ಸುಕ್ಕಾಯಿತು.
ಅಂಗೈಯಿಂದ ಸವರಿದೆ.

ಮೇಸ್ತ್ರಿ ಬಂದು ಓದಿದ, ಅಂದರೆ ಸೀಲು ನೋಡಿದ.
'ಚಹಾ ಕುಡೀರಿ' ಅಂದ. ಕುಡಿದೆ.
ಕುಡಿಯುತ್ತ ತಲೆ ಎತ್ತಿದ್ದೇ ತಪ್ಪು.

ಗಾಳಿಮರದ ಕಂಬ, ಕಂಬಕ್ಕೆ ಅಡ್ಡ, ಅಡ್ಡಕ್ಕೆ ಹಲಗೆ,
ಹಲಗೆಯ ಮೇಲೆ ಬರಿಗಾಲಿನ ಹುಡುಗ
ಬಾಂಡ್ಲಿ ಇಳಿಸಿ, ಬಗ್ಗಿ, ಹಗ್ಗ ಬಿಗಿಯುತ್ತಿದ್ದ.
ಜೀರುಗುಣಿಕೆ!
ನೋಟಿಸಿನಲ್ಲಿ ಗಂಟಿನ ಮಾತೇ ಇಲ್ಲ.
ಬೈತಕೋಲದಲ್ಲಿ ಚಿಕ್ಕವನಿದ್ದಾಗ ನಾನು ಹಾಕಿದ ಇಂಥದೇ ಗಂಟಿಗೆ
ದೋಣಿ ರಾತ್ರಿ ತಾನೇ ಬಿಚ್ಚಿಕೊಂಡು ಹೋಗಿತ್ತು,
ಯಾರೂ ಇಲ್ಲದೆ, ನಿಧಾನಕ್ಕೆ, ನೆಂಟರ ಮನೆಗೆ ಹೊರಟ ಹಾಗೆ.
ಅಪ್ಪ ಕೊಟ್ಟ ಏಟು ಈ ಕೆನ್ನೆಯಲ್ಲೇ ಇದೆ.

ಇಳಿಯೋ ಮಾರಾಯ, ಅಂದೆ.
ಹುಲಿಗೆಪ್ಪ, ಕುಷ್ಟಗಿ ಕಡೆಯವ.
ಹನ್ನೊಂದು ದಿನದಿಂದ ಸಮುದ್ರ ನೋಡುತ್ತಿದ್ದನಂತೆ,
ಮೇಲಿಂದ; ಮುಟ್ಟಿರಲಿಲ್ಲ.
'ನಮ್ಮಲ್ಲಿ ಎತ್ತು ಕಟ್ಟೂದು ಹಿಂಗರೀ,
ಲಗೂನ ಬಿಚ್ಚಾಕ ಬರ್ಬೇಕಲ್ರೀ.'
ಅದೂ ಸುಳ್ಳಲ್ಲ.

ಗೇಟಿನ ಕಂಬಕ್ಕೇ ಹಗ್ಗ ಸುತ್ತಿ ತೋರಿಸಿದೆ:
ಎರಡು ಸುತ್ತು, ತಲೆ ಕೆಳಗೆ, ಬಾಲ ಒಳಗೆ,
ಈಗ ಜಗ್ಗು. ಇನ್ನೂ ಜಗ್ಗು.
ನಿನ್ನ ಭಾರ ಪೂರ್ತಿ ಕೊಡು.
ಹಗ್ಗ ಉಜ್ಜಿ ಹಸಿ ನೋಟಿಸಿನ
'ಸರಿಪಡಿಸತಕ್ಕದ್ದು' ಅರ್ಧ ಹರಿದುಹೋಯಿತು.

ಕಚೇರಿಯ ರಿಜಿಸ್ಟರಿನಲ್ಲಿ ಬರೆದೆ: ಅಂಟಿಸಲಾಗಿದೆ.
ಗಂಟಿಗೆ ಕಾಲಮ್ಮು ಇಲ್ಲ.

ಎಂಟನೇ ದಿನ ಹೋದೆ.
ಹಸಿರು ಬಲೆ ಬಂದಿತ್ತು, ರಸ್ತೆಗೆ ಕಾಣುವ ಮಗ್ಗುಲಿಗೆ.
ಗಂಜಿಯ ರುಚಿಗೆ ಯಾವುದೋ ಆಡು
ನೋಟಿಸಿನ ಕೆಳಗಂಚು ತಿಂದಿತ್ತು, ಸಹಿ ಸಮೇತ.
ಹುಲಿಗೆಪ್ಪ? ಅಂಕೋಲೆ ಕಡೆ ಯಾವುದೋ ಸೈಟಿಗೆ,
ಅಂದ ಮೇಸ್ತ್ರಿ, ಚಹಾ ಹೇಳುತ್ತ.

ಚಹಾ ಬಿಟ್ಟು ಸಾರವೆಯ ಸುತ್ತ ನಡೆದೆ,
ಕೈಗೆಟಕುವ ಗಂಟುಗಳನ್ನೆಲ್ಲ ಮುಟ್ಟುತ್ತ.
ಮೂರು ನನ್ನವು. ಒಂದು ಎತ್ತಿನದು;
ಅದನ್ನು ಬಿಚ್ಚಿ ಕಟ್ಟಿದೆ.
ಮೇಲಿನವು
ಬೆಳಗಿನ ಬಿಸಿಲಿಗೆ
ಎಲ್ಲ ಒಂದೇ ಥರ ಕಾಣುತ್ತಿದ್ದವು.